ವಿವಾಹವಿಚ್ಛೇದನವೂ ನಿವೃತ್ತಿಧನದ ಪಾಲೂ

ಕುಟುಂಬದ ಆಸ್ತಿಯೆಂದರೆ ಹೊಲ, ಮನೆ, ಬಂಗಾರ ಎಂದು ತಿಳಿದುಕೊಂಡು ಬಂದ ಜನ ನಾವು. ಪಾಲಾಗುವ ಕಾಲ ಬಂದರೆ ಹೊಲಕ್ಕೆ ಬದು ಹಾಕುವದು, ಮನೆಗೆ ನಡುಗೋಡೆ ಎಬ್ಬಿಸುವದು, ಬಂಗಾರವನ್ನು ತೂಗಿ ಹಂಚುವದು ನಮ್ಮ ಹಿರಿಯರಿಗೆ ತಿಳಿದಿದ್ದ ವಿದ್ಯೆ. ಆದರೆ ಇಂದು ಸಂಬಳದ ಮೇಲೆ ಬದುಕುವ ಮಧ್ಯಮವರ್ಗದವರ ಆಸ್ತಿಯ ದೊಡ್ಡ ಭಾಗವು ಕಣ್ಣಿಗೆ ಕಾಣುವ ಸ್ಥಳದಲ್ಲಿ ಇರುವದಿಲ್ಲ. ಅದು ತಿಂಗಳು ತಿಂಗಳು ಸಂಬಳದಲ್ಲಿ ಮುರಿದುಕೊಂಡು, ಮುಪ್ಪಿನ ಕಾಲಕ್ಕೆಂದು ಒಂದು ನಿಧಿಯಲ್ಲಿ ಕೂಡಿಟ್ಟ ಹಣವಾಗಿರುವದು. ಅಮೇರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ನೆಲೆಸಿದ ಕನ್ನಡಿಗರ ವಿಷಯದಲ್ಲಿ ಈ ಮಾತು ಇನ್ನಷ್ಟು ನಿಜ. ಗಂಡಹೆಂಡಿರು ಬೇರೆಯಾಗುವ ಪ್ರಸಂಗ ಒದಗಿದಾಗ ಈ ಹಣವನ್ನು ಹಂಚುವ ವಿದ್ಯೆಯು ಹೊಲಕ್ಕೆ ಬದು ಹಾಕುವಷ್ಟು ಸುಲಭವಾದದ್ದಲ್ಲ. ನ್ಯಾಯಾಧೀಶರು ಕೊಟ್ಟ ಪಾಲು ಕಾಗದದ ಬರವಣಿಗೆಯ ಲೋಪದಿಂದ ಕೈತಪ್ಪಿಹೋಗಬಲ್ಲದೆಂಬ ಸಂಗತಿಯನ್ನು ವಾಚಕರ ಗಮನಕ್ಕೆ ತರುವದೇ ಈ ಲೇಖನದ ಉದ್ದೇಶವು.

ವಿವಾಹವಿಚ್ಛೇದನವು ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆಗೆ ನಾವು ಇಲ್ಲಿ ಕೈಹಾಕುವದಿಲ್ಲ. ಅದು ನಡೆಯುತ್ತಿದೆ, ಸಮುದ್ರದಾಚೆಗೂ ನಡೆಯುತ್ತಿದೆ, ನಮ್ಮ ಊರುಗಳಲ್ಲಿಯೂ ನಡೆಯುತ್ತಿದೆ. ನಡೆದ ಮೇಲೆ ಇಬ್ಬರಲ್ಲಿ ದುರ್ಬಲರಾದವರು ಮುಪ್ಪಿನಲ್ಲಿ ಬೀದಿಪಾಲಾಗಬಾರದೆಂಬದಷ್ಟೇ ನಮ್ಮ ಕಳಕಳಿ. ಗಂಡನ ನೌಕರಿಯ ಆಧಾರದಿಂದ ಎಚ್-4 ಎಂಬ ವೀಸಾದ ಮೇಲೆ ಅಲ್ಲಿಗೆ ಹೋದ ನಮ್ಮ ಹೆಣ್ಣುಮಕ್ಕಳಿಗೆ 2015ರ ವರೆಗೆ ಅಲ್ಲಿ ದುಡಿಯುವ ಅಧಿಕಾರವೇ ಇರಲಿಲ್ಲ. ಆ ವರ್ಷ ಹೊಸ ನಿಯಮ ಬಂದಾಗಲೂ ಅವರಲ್ಲಿ ಕೆಲವು ವರ್ಗದವರಿಗೆ ಮಾತ್ರ ಪರವಾನಗಿ ದೊರೆಯಿತು. ಇಲ್ಲಿ ಇಂಜಿನಿಯರಿಂಗು, ವೈದ್ಯಕೀಯ ಓದಿದವರೂ ಅಲ್ಲಿ ಒಲೆಯ ಮುಂದೆಯೂ ಮಕ್ಕಳ ಶಾಲೆಯ ಬಾಗಿಲಲ್ಲಿಯೂ ಹತ್ತಾರು ವರ್ಷ ಕಳೆದರು. ಅಂಥ ಮನೆಯಲ್ಲಿ ನಿವೃತ್ತಿಯ ಉಳಿತಾಯವೆಲ್ಲ ಗಂಡನ ಹೆಸರಿನಲ್ಲಿಯೇ ಇರುವದು ಸಹಜ. ಆ ಉಳಿತಾಯದಲ್ಲಿ ಹೆಂಡತಿಯ ದುಡಿಮೆಯೂ ಸೇರಿದೆಯೆಂಬದನ್ನು ಆ ದೇಶದ ನ್ಯಾಯವು ಒಪ್ಪುತ್ತದೆ. ಕ್ಯಾಲಿಫೋರ್ನಿಯಾ, ಟೆಕ್ಸಾಸ್, ವಾಷಿಂಗ್ಟನ್ ಮೊದಲಾದ 9 ರಾಜ್ಯಗಳಲ್ಲಿ ವಿವಾಹಕಾಲದ ಗಳಿಕೆಯು ಇಬ್ಬರ ಸಮುದಾಯದ ಆಸ್ತಿಯೆಂದೇ ಕಾಯದೆಯಿದೆ. ಉಳಿದ ರಾಜ್ಯಗಳ ನ್ಯಾಯಾಲಯಗಳು ನ್ಯಾಯೋಚಿತವಾದ ಹಂಚಿಕೆಯೆಂಬ ತತ್ವದಂತೆ ನಡೆಯುತ್ತವೆ. ಇನ್ನೂ ಕೈಸೇರುವ ಹಕ್ಕು ಪೂರ್ಣವಾಗದ ಪಿಂಚಣಿಯನ್ನು ಕೂಡ ಪಾಲು ಮಾಡಬಹುದೆಂದು ಕ್ಯಾಲಿಫೋರ್ನಿಯಾದ ಸರ್ವೋಚ್ಚ ನ್ಯಾಯಾಲಯವು 1976ರಷ್ಟು ಹಿಂದೆಯೇ ತೀರ್ಮಾನಿಸಿತು. ಹಾಗಾದರೆ ತೊಡಕು ಹಕ್ಕಿನಲ್ಲಿ ಇಲ್ಲ. ಹಕ್ಕನ್ನು ಹಣವಾಗಿ ಮಾಡುವ ಹಾದಿಯಲ್ಲಿದೆ.

ಈ ತೊಡಕಿನ ಮೂಲವನ್ನು ತಿಳಿಯಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. 1963ರ ಡಿಸೆಂಬರದಲ್ಲಿ ಇಂಡಿಯಾನಾ ರಾಜ್ಯದ ಸೌತ್ ಬೆಂಡ್ ಪಟ್ಟಣದಲ್ಲಿ ಸ್ಟೂಡಿಬೇಕರ್ ಮೋಟಾರು ಕಾರಖಾನೆಯು ಬಾಗಿಲು ಹಾಕಿತು. ನಿವೃತ್ತಿಯ ವಯಸ್ಸಿಗೆ ಬಾರದ 4,000ಕ್ಕೂ ಹೆಚ್ಚು ಕೆಲಸಗಾರರಿಗೆ, ಅವರು ಗಳಿಸಿದ್ದ ಪಿಂಚಣಿಯ ಮೌಲ್ಯದಲ್ಲಿ ನೂರಕ್ಕೆ 15ರಷ್ಟು ಮಾತ್ರ ಕೈಸೇರಿತು. ಆ ಅನ್ಯಾಯದ ಕೂಗು ಹತ್ತು ವರ್ಷ ಕೇಳಿಬಂದ ತರುವಾಯ, 1974ರಲ್ಲಿ, ಎರಿಸಾ ಎಂದು ಸಂಕ್ಷೇಪವಾಗಿ ಕರೆಯಲ್ಪಡುವ ನೌಕರರ ನಿವೃತ್ತಿ ಆದಾಯ ರಕ್ಷಣೆಯ ಕಾಯದೆಯು ಹುಟ್ಟಿತು. ಖಾಸಗಿ ಕಂಪನಿಗಳ ನಿವೃತ್ತಿ ನಿಧಿಗಳನ್ನು ಅದು ಕಟ್ಟುನಿಟ್ಟಿನ ನಿಯಮಕ್ಕೆ ಒಳಪಡಿಸಿತು. ನೌಕರನ ನಿವೃತ್ತಿಧನವನ್ನು ಅವನಾಗಲಿ, ಅವನ ಸಾಲಗಾರರಾಗಲಿ, ಇನ್ನೊಬ್ಬರಿಗೆ ವರ್ಗಾಯಿಸಕೂಡದೆಂದು ಅದು ಬೇಲಿ ಹಾಕಿತು. ಬೇಲಿಯು ಒಳ್ಳೆಯದೇ. ಆದರೆ ಸಾಲಗಾರನನ್ನು ಹೊರಗಿಡಲು ಹಾಕಿದ ಬೇಲಿಯು, ಮೂವತ್ತು ವರ್ಷ ಸಂಸಾರ ಮಾಡಿದ ಹೆಂಡತಿಯನ್ನೂ ಹೊರಗಿಡಬೇಕೇ ಎಂಬ ಪ್ರಶ್ನೆ ಕೂಡಲೇ ಎದ್ದಿತು. ಒಂದು ನ್ಯಾಯಾಲಯವು ಹೌದೆಂದಿತು, ಇನ್ನೊಂದು ಅಲ್ಲವೆಂದಿತು. ಕಾಂಗ್ರೆಸ್ಸಿನ ಸದಸ್ಯೆ ಜೆರಾಲ್ಡಿನ್ ಫೆರಾರೊ ಮೊದಲಾದವರು ಹೆಂಗಸರ ಪಿಂಚಣಿಯ ನ್ಯಾಯಕ್ಕಾಗಿ ದನಿಯೆತ್ತಿದರು. 1984ರಲ್ಲಿ ನಿವೃತ್ತಿ ಸಮಾನತೆಯ ಕಾಯದೆಯು ಬಂದು, ಆ ಬೇಲಿಗೆ ಒಂದೇ ಒಂದು ದಿಡ್ಡಿಯನ್ನು ಇಟ್ಟಿತು. ಆ ದಿಡ್ಡಿಯ ಬೀಗದ ಕೈಯೇ ಅರ್ಹ ಕೌಟುಂಬಿಕ ಆಜ್ಞೆ. ಅಲ್ಲಿಯ ವಕೀಲರ ಬಾಯಲ್ಲಿ ಅದರ ಹೆಸರು ಕ್ವಾಡ್ರೊ.

ಈ ಆಜ್ಞೆಯು ವಿಚ್ಛೇದನದ ತೀರ್ಪಿಗಿಂತ ಬೇರೆಯಾದ ಕೆಲಸವನ್ನು ಮಾಡತಕ್ಕದ್ದೆಂಬದನ್ನು ಮೊದಲು ಮನಗಾಣಬೇಕು. "ಗಂಡನ ನಿವೃತ್ತಿಧನದಲ್ಲಿ ಹೆಂಡತಿಗೆ ಅರ್ಧ" ಎಂದು ನ್ಯಾಯಾಧೀಶರು ತೀರ್ಪಿನಲ್ಲಿ ಬರೆದ ಮಾತ್ರಕ್ಕೆ ನಿಧಿಯ ವ್ಯವಸ್ಥಾಪಕರು ಒಂದು ಡಾಲರನ್ನೂ ಕೊಡುವದಿಲ್ಲ. ಕೊಡಬೇಕಾದರೆ ಆಜ್ಞೆಯಲ್ಲಿ ನಾಲ್ಕು ಸಂಗತಿಗಳು ಸ್ಪಷ್ಟವಾಗಿ ಇರಬೇಕೆಂದು ಕಾಯದೆಯು ಹೇಳುತ್ತದೆ: ನೌಕರನ ಮತ್ತು ಪಾಲು ಪಡೆಯುವವರ ಹೆಸರು ಹಾಗೂ ವಿಳಾಸ, ಎಷ್ಟು ಹಣ ಅಥವಾ ನೂರಕ್ಕೆ ಎಷ್ಟು, ಇಲ್ಲವೆ ಅದನ್ನು ಲೆಕ್ಕ ಹಾಕುವ ಕ್ರಮ, ಎಷ್ಟು ಕಂತುಗಳು ಅಥವಾ ಎಷ್ಟು ಕಾಲ, ಮತ್ತು ಯಾವ ಯೋಜನೆಯಿಂದ ಎಂಬದು. ಇದಲ್ಲದೆ, ಆ ಯೋಜನೆಯಲ್ಲಿ ಇಲ್ಲದ ರೀತಿಯ ಹಣಪಾವತಿಯನ್ನು ಆಜ್ಞೆಯು ಕೇಳಕೂಡದು; ಇದ್ದುದಕ್ಕಿಂತ ಹೆಚ್ಚು ಹಣವನ್ನು ಕೇಳಕೂಡದು; ಹಿಂದಿನ ಒಂದು ಆಜ್ಞೆಯಿಂದ ಮತ್ತೊಬ್ಬರಿಗೆ ಕೊಟ್ಟುದನ್ನು ಕಸಿದು ಇವರಿಗೆ ಕೊಡೆನ್ನಕೂಡದು. ಇವೆಲ್ಲ ಸರಿಯಾಗಿವೆಯೇ ಎಂದು ಮೊದಲು ನೋಡುವವರು ನಿಧಿಯ ವ್ಯವಸ್ಥಾಪಕರೇ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎಂಬ ನಮ್ಮ ಗಾದೆಯು ಈ ಪ್ರಸಂಗಕ್ಕೆ ಅಕ್ಷರಶಃ ಒಪ್ಪುತ್ತದೆ.

ವ್ಯವಸ್ಥಾಪಕರು ಕಾಗದವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತಾರೆಂಬದಕ್ಕೆ ಆ ದೇಶದ ಅತ್ಯುಚ್ಚ ನ್ಯಾಯಾಲಯದ ಎರಡು ತೀರ್ಪುಗಳನ್ನು ನೋಡಿದರೆ ಸಾಕು. ಮೊದಲನೆಯದು 2001ರ ಎಗೆಲ್‌ಹಾಫ್ ಮೊಕದ್ದಮೆ. ಬೋಯಿಂಗ್ ಕಂಪನಿಯ ನೌಕರನೊಬ್ಬನು 1994ರಲ್ಲಿ ಹೆಂಡತಿಯಿಂದ ವಿಚ್ಛೇದನ ಪಡೆದು, ಎರಡು ತಿಂಗಳು ದಾಟುವಷ್ಟರಲ್ಲಿ ಮೋಟಾರು ಅಪಘಾತದಲ್ಲಿ ತೀರಿಕೊಂಡನು. ಜೀವವಿಮೆಯ ಮತ್ತು ಪಿಂಚಣಿಯ ಕಾಗದಗಳಲ್ಲಿ ಹಳೆಯ ಹೆಂಡತಿಯ ಹೆಸರು ಹಾಗೆಯೇ ಉಳಿದಿತ್ತು. ವಿಚ್ಛೇದನವಾದೊಡನೆ ಅಂಥ ನಾಮನಿರ್ದೇಶನವು ತಾನಾಗಿ ರದ್ದಾಗುವದೆಂದು ವಾಷಿಂಗ್ಟನ್ ರಾಜ್ಯದಲ್ಲಿ ಕಾಯದೆಯಿತ್ತು. ಆ ಬಲದ ಮೇಲೆ ಮೊದಲ ಮದುವೆಯ ಮಕ್ಕಳು ಹಣ ಕೇಳಿದರು. ಒಕ್ಕೂಟದ ಕಾಯದೆಯ ಮುಂದೆ ರಾಜ್ಯದ ಕಾಯದೆಯು ನಿಲ್ಲಲಾರದೆಂದು ನ್ಯಾಯಾಲಯವು ತೀರ್ಮಾನಿಸಿತು. ಮಕ್ಕಳು ಸೋತರು.

ಎರಡನೆಯದು 2009ರ ಕೆನಡಿ ಮೊಕದ್ದಮೆ. ಡ್ಯುಪಾಂಟ್ ಕಂಪನಿಯ ನೌಕರನೊಬ್ಬನು 1974ರಲ್ಲಿ ತನ್ನ ಉಳಿತಾಯ ನಿಧಿಗೆ ಹೆಂಡತಿಯ ಹೆಸರನ್ನು ಬರೆದುಕೊಟ್ಟಿದ್ದನು. 1994ರಲ್ಲಿ ವಿಚ್ಛೇದನವಾಯಿತು, ಅವನ ನಿವೃತ್ತಿಧನದಲ್ಲಿ ತನಗೆ ಯಾವ ಹಕ್ಕೂ ಇಲ್ಲವೆಂಬ ಮಾತು ತೀರ್ಪಿನಲ್ಲಿಯೇ ಸೇರಿತು. ಆದರೆ ಅವನು ಉಳಿತಾಯ ನಿಧಿಯ ಕಾಗದವನ್ನು ಬದಲಿಸಲಿಲ್ಲ. 2001ರಲ್ಲಿ ಅವನು ತೀರಿಕೊಂಡಾಗ ಅದರಲ್ಲಿ 4,02,000 ಡಾಲರುಗಳಿದ್ದವು. ನಿಧಿಯವರು ಅಷ್ಟನ್ನೂ ಮಾಜಿ ಹೆಂಡತಿಗೆ ಕೊಟ್ಟರು. ಮಗಳು ಅತ್ಯುಚ್ಚ ನ್ಯಾಯಾಲಯದ ವರೆಗೆ ಹೋದಳು. ವ್ಯವಸ್ಥಾಪಕರು ಯೋಜನೆಯ ದಾಖಲೆಯಲ್ಲಿದ್ದಂತೆ ನಡೆದದ್ದು ಸರಿಯೆಂದು ನ್ಯಾಯಮೂರ್ತಿಗಳೆಲ್ಲರೂ ಒಮ್ಮತದಿಂದ ಹೇಳಿದರು. ಹಣ ಪಡೆದ ಹೆಂಡತಿಯಿಂದ ಅದನ್ನು ಮರಳಿ ವಸೂಲು ಮಾಡಬಹುದೋ ಇಲ್ಲವೋ ಎಂಬದನ್ನು ಆ ತೀರ್ಪು ಬಿಡಿಸಲಿಲ್ಲ. ಈ ಎರಡು ಮೊಕದ್ದಮೆಗಳಲ್ಲಿ ಲಾಭವಾದದ್ದು ಬಿಟ್ಟ ಹೆಂಡತಿಗೆ, ನಷ್ಟವಾದದ್ದು ಮಕ್ಕಳಿಗೆ. ಬೇರೆ ಸಂದರ್ಭಗಳಲ್ಲಿ ನಷ್ಟವು ಹೆಂಡತಿಗೇ ಬರುವದು. ಬರವಣಿಗೆಯ ಲೋಪಕ್ಕೆ ಗಂಡು ಹೆಣ್ಣೆಂಬ ಪಕ್ಷಪಾತವಿಲ್ಲ. ಎಚ್ಚರ ತಪ್ಪಿದವರನ್ನು ಅದು ನುಂಗುತ್ತದೆ.

ಇನ್ನು ಆಜ್ಞೆಯನ್ನು ಬರೆಯುವಾಗ ನುಸುಳುವ ತಪ್ಪುಗಳನ್ನು ವಿಚಾರಿಸೋಣ. ಮೊದಲನೆಯದು ಹೆಸರಿನ ತಪ್ಪು. ದೊಡ್ಡ ಕಂಪನಿಯೊಂದರಲ್ಲಿ ಪಿಂಚಣಿಯ ಯೋಜನೆ ಒಂದು, 401-ಕೆ ಎಂಬ ಉಳಿತಾಯದ ಯೋಜನೆ ಮತ್ತೊಂದು, ಹೀಗೆ ಎರಡು ಮೂರು ಇರುತ್ತವೆ. ಕಂಪನಿಯ ಹೆಸರನ್ನಷ್ಟೇ ಬರೆದು "ಅಲ್ಲಿಯ ನಿವೃತ್ತಿಧನ" ಎಂದರೆ ಯಾವದೆಂದು ತಿಳಿಯುವದಿಲ್ಲ. ಒಂದರ ಹೆಸರು ಬರೆದು ಇನ್ನೊಂದನ್ನು ಮರೆತರೆ, ಮರೆತದ್ದು ಪಾಲಿಗೆ ಬರುವದಿಲ್ಲ. ಕನ್ನಡಿಗ ತಂತ್ರಜ್ಞರು ನಾಲ್ಕೈದು ವರ್ಷಕ್ಕೊಮ್ಮೆ ಕಂಪನಿ ಬದಲಿಸುವವರು. ಹಳೆಯ ಕಂಪನಿಯಲ್ಲಿ ಬಿಟ್ಟುಬಂದ ಖಾತೆಯನ್ನು ಗಂಡನೇ ಮರೆತಿರುವದುಂಟು. ಆದುದರಿಂದ ಪ್ರತಿಯೊಂದು ಯೋಜನೆಯ ಅಧಿಕೃತ ಹೆಸರನ್ನು ಅದರ ದಾಖಲೆಯಿಂದಲೇ ಇಳಿಸಿಕೊಳ್ಳಬೇಕು.

ಎರಡನೆಯದು ಲೆಕ್ಕದ ತಪ್ಪು. "ಅರ್ಧ" ಎಂಬ ಶಬ್ದವು ಕೇಳಲು ಸುಲಭ. ಆದರೆ ಯಾವ ದಿನದ ಅರ್ಧ? ಖಾತೆಯಲ್ಲಿ 4 ಲಕ್ಷ ಡಾಲರುಗಳಿದ್ದ ದಿನ ಹೆಂಡತಿಗೆ 2 ಲಕ್ಷ ಡಾಲರು ಎಂದು ಬರೆದರೆನ್ನಿ. ಆಜ್ಞೆಯು ಜಾರಿಯಾಗುವಷ್ಟರಲ್ಲಿ ಶೇರುಪೇಟೆ ಬಿದ್ದು ಖಾತೆಯು 3 ಲಕ್ಷಕ್ಕೆ ಇಳಿದರೆ ಅವಳಿಗೆ 2 ಲಕ್ಷ, ಅವನಿಗೆ 1 ಲಕ್ಷ. ಏರಿ 5 ಲಕ್ಷವಾದರೆ ಅವಳಿಗೆ ಅದೇ 2 ಲಕ್ಷ, ಅವನಿಗೆ 3 ಲಕ್ಷ. ಎರಡೂ ಅರ್ಧವಲ್ಲ. 2008ರಲ್ಲಿ ಅಮೇರಿಕದ ಶೇರುಪೇಟೆಯು ಒಂದೇ ವರ್ಷದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಕುಸಿದದ್ದನ್ನು ನೆನೆದರೆ ಇದು ಬರಿಯ ಊಹೆಯಲ್ಲವೆಂದು ತಿಳಿಯುವದು. ಲೆಕ್ಕದ ದಿನ ಯಾವದು, ಆ ದಿನದಿಂದ ಹಣ ಬೇರೆಯಾಗುವ ದಿನದ ವರೆಗಿನ ಲಾಭನಷ್ಟವು ಅವಳ ಪಾಲಿಗೂ ಸಲ್ಲುವದೋ ಇಲ್ಲವೋ, ಎಂಬೆರಡು ಸಾಲುಗಳನ್ನು ಬರೆದರೆ ಈ ಅನರ್ಥವು ತಪ್ಪುವದು. ಗಂಡನು ಖಾತೆಯ ಮೇಲೆ ಸಾಲ ತೆಗೆದಿದ್ದರೆ ಅದನ್ನೂ ಹೇಳಬೇಕು. 1 ಲಕ್ಷದ ಖಾತೆಯಲ್ಲಿ 20,000 ಸಾಲವಾಗಿ ಹೋಗಿದ್ದರೆ, ಅರ್ಧವೆಂದರೆ 50,000ವೋ 40,000ವೋ? ಆಜ್ಞೆಯು ಮೌನವಾಗಿದ್ದರೆ ಜಗಳವು ಮತ್ತೆ ನ್ಯಾಯಾಲಯದ ಮೆಟ್ಟಿಲೇರುತ್ತದೆ.

ಮದುವೆಗೆ ಮುಂಚಿನ ಗಳಿಕೆಯ ಮಾತೂ ಇದಕ್ಕೆ ಸೇರಿದ್ದೇ. ಜೀವಮಾನವೆಲ್ಲ ತಿಂಗಳು ತಿಂಗಳು ಬರುವ ಪಿಂಚಣಿಯ ವಿಷಯದಲ್ಲಿ ಒಂದು ಭಿನ್ನರಾಶಿಯನ್ನು ಉಪಯೋಗಿಸುವದು ವಾಡಿಕೆ: ವಿವಾಹಕಾಲದಲ್ಲಿ ಮಾಡಿದ ಸೇವೆಯನ್ನು ಒಟ್ಟು ಸೇವೆಯಿಂದ ಭಾಗಿಸುವದು. 30 ವರ್ಷಗಳ ಸೇವೆಯಲ್ಲಿ 18 ವರ್ಷ ವಿವಾಹಕಾಲದ್ದಾದರೆ ನೂರಕ್ಕೆ 60 ಭಾಗವು ಇಬ್ಬರ ಗಳಿಕೆ. ಅದರ ಅರ್ಧವಾದ ನೂರಕ್ಕೆ 30 ಹೆಂಡತಿಯ ಪಾಲು. "ಪಿಂಚಣಿಯ ಅರ್ಧ" ಎಂದು ಅವಸರದಲ್ಲಿ ಬರೆದರೆ ಗಂಡನಿಗೆ ಅನ್ಯಾಯ. "ಇಂದಿನ ವರೆಗಿನ ಪಿಂಚಣಿಯ ಅರ್ಧ" ಎಂದು ಬರೆದರೆ, ಮುಂದೆ ಸಂಬಳ ಏರಿ ಪಿಂಚಣಿ ಹೆಚ್ಚಿದಾಗ ಹೆಂಡತಿಗೆ ನಷ್ಟವಾಗಬಹುದು.

ಮೂರನೆಯ ತಪ್ಪು ಎಲ್ಲಕ್ಕಿಂತ ಘೋರವಾದದ್ದು. ಅದು ಮರಣದ ಮಾತನ್ನು ಮರೆಯುವದು. ಬೇರೆಯಾಗುವ ದಿನ ಸಾವಿನ ವಿಚಾರ ಯಾರಿಗೂ ಬೇಡ. ಆದರೆ ಪಿಂಚಣಿ ಆರಂಭವಾಗುವ ಮೊದಲೇ ಗಂಡನು ತೀರಿಕೊಂಡರೆ, ಸಾಮಾನ್ಯವಾಗಿ ಉಳಿದವರಿಗೆ ಸಲ್ಲುವ ಪಿಂಚಣಿಯು ಅಂದಿನ ಅವನ ಹೆಂಡತಿಗೆ ಹೋಗುವದು. ಬಿಟ್ಟ ಹೆಂಡತಿಯನ್ನು ಈ ಕಾರ್ಯಕ್ಕೆ ವಿಧವೆಯೆಂದು ಭಾವಿಸತಕ್ಕದ್ದೆಂದು ಬರೆಯಲು ಕಾಯದೆಯು ಅವಕಾಶ ಕೊಟ್ಟಿದೆ. ಆ ಒಂದು ವಾಕ್ಯವು ಇದ್ದರೆ ಅವಳ ಪಾಲು ಉಳಿಯುತ್ತದೆ. ಇಲ್ಲದಿದ್ದರೆ ಇಪ್ಪತ್ತು ವರ್ಷಗಳ ಸಂಸಾರದ ಪಾಲು ಗಂಡನ ಚಿತೆಯೊಡನೆ ಬೂದಿಯಾಗಿ ಹೋಗಬಹುದು. ಅವನು ಮರುಮದುವೆಯಾಗಿದ್ದರೆ ಹೊಸ ಹೆಂಡತಿಯ ಹಕ್ಕು ಅಡ್ಡ ಬಂದು ನಿಲ್ಲುವದು. ಕೈಗೆ ಬಂದ ತುತ್ತು ಬಾಯಿಗೆ ಬಾರದೆ ಹೋಗುವದೆಂದರೆ ಇದೇ.

ನಾಲ್ಕನೆಯದು ವಿಳಂಬದ ತಪ್ಪು. ತೀರ್ಪು ಬಂದಿತು, ಜಗಳ ಮುಗಿಯಿತು, ಆಜ್ಞೆಯನ್ನು ಆಮೇಲೆ ಬರೆಸಿದರಾಯಿತು ಎಂದು ವಕೀಲರೂ ಕಕ್ಷಿದಾರರೂ ಸುಮ್ಮನಾಗುತ್ತಾರೆ. ಆಜ್ಞೆಯು ತಡವಾಗಿ ಬಂದಿತೆಂಬ ಒಂದೇ ಕಾರಣಕ್ಕೆ ಅನರ್ಹವಾಗದಂತೆ 2006ರ ಪಿಂಚಣಿ ರಕ್ಷಣೆಯ ಕಾಯದೆಯು ದಾರಿ ಮಾಡಿದ್ದು ನಿಜ. ಆಜ್ಞೆಯು ನಿಧಿಯ ಕೈಸೇರಿದ ಮೇಲೆ, ಅದು ಅರ್ಹವೋ ಅಲ್ಲವೋ ಎಂದು ನಿರ್ಣಯವಾಗುವ ತನಕ, ಪಾಲಿನ ಹಣವನ್ನು 18 ತಿಂಗಳವರೆಗೆ ಬೇರೆ ಲೆಕ್ಕದಲ್ಲಿಡುವ ನಿಯಮವೂ ಇದೆ. ಆದರೆ ಆಜ್ಞೆಯೇ ಬಾರದಿದ್ದರೆ ಹಣವನ್ನು ಹಿಡಿದಿಡುವವರು ಯಾರು? ಗಂಡನು ಕೆಲಸ ಬಿಟ್ಟು ಹಣವನ್ನೆಲ್ಲ ಹೊರತೆಗೆದ ಮೇಲೆ ಅದನ್ನು ಬೆನ್ನಟ್ಟುವದು ಕೋಟೆ ಸೂರೆ ಹೋದ ಮೇಲೆ ದಿಡ್ಡಿಯ ಬಾಗಿಲು ಹಾಕಿದಂತಾಗುವದು. ತೀರ್ಪಿನ ದಿನವೇ ಆಜ್ಞೆಯೂ ಸಿದ್ಧವಾಗಿರಬೇಕು. ಸಾಧ್ಯವಾದರೆ ಅದರ ಕರಡನ್ನು ನಿಧಿಯವರಿಗೆ ಮೊದಲೇ ಕಳುಹಿಸಿ ಅವರ ಆಕ್ಷೇಪಗಳನ್ನು ತಿಳಿದುಕೊಳ್ಳಬೇಕು. ನಿಧಿಯವರು ಕೊಡುವ ಮಾದರಿ ಕಾಗದವನ್ನು ಕಣ್ಣುಮುಚ್ಚಿ ತುಂಬುವದೂ ಜಾಣತನವಲ್ಲ. ಅದು ಅವರ ಕೆಲಸ ಹಗುರಾಗಲೆಂದು ಮಾಡಿದ್ದು. ಈ ದಂಪತಿಗಳ ಒಪ್ಪಂದವೇನೆಂಬದು ಅದಕ್ಕೆ ತಿಳಿಯದು.

ತೆರಿಗೆಯ ವಿಷಯದಲ್ಲಿ ಒಂದೆರಡು ಮಾತು ಅವಶ್ಯ. ನಿವೃತ್ತಿಧನವನ್ನು ಐವತ್ತೊಂಬತ್ತೂವರೆ ವರ್ಷದೊಳಗೆ ಹೊರತೆಗೆದರೆ ಆದಾಯ ತೆರಿಗೆಯಲ್ಲದೆ ನೂರಕ್ಕೆ 10ರಷ್ಟು ಹೆಚ್ಚಿನ ತೆರಿಗೆಯನ್ನೂ ತೆರಬೇಕೆಂಬದು ಅಲ್ಲಿಯ ಸಾಮಾನ್ಯ ನಿಯಮ. ಕಂಪನಿಯ ಯೋಜನೆಯಿಂದ ಅರ್ಹ ಆಜ್ಞೆಯ ಮೇರೆಗೆ ನೇರವಾಗಿ ಹಣ ಪಡೆದ ಮಾಜಿ ಹೆಂಡತಿಗೆ ಈ ಹೆಚ್ಚಿನ ತೆರಿಗೆಯಿಲ್ಲ. ಆದಾಯ ತೆರಿಗೆ ಮಾತ್ರ ಅವಳದು. ಆದರೆ ಅದೇ ಹಣವನ್ನು ಮೊದಲು ಐ.ಆರ್.ಎ. ಎಂಬ ತನ್ನ ಸ್ವಂತ ನಿವೃತ್ತಿ ಖಾತೆಗೆ ವರ್ಗಾಯಿಸಿ, ಆಮೇಲೆ ಮನೆಯ ಖರ್ಚಿಗೆಂದು ತೆಗೆದರೆ ಈ ರಿಯಾಯಿತಿಯು ಹೋಗುವದು. ಗಂಡನೇ ಹಣ ತೆಗೆದು ಅವಳ ಕೈಗೆ ಕೊಟ್ಟರೆ ತೆರಿಗೆಯೆಲ್ಲ ಅವನ ತಲೆಯ ಮೇಲೆ ಬೀಳುವದು. ಇನ್ನೊಂದು ಮೋಸವೂ ಇದರಲ್ಲಿ ಅಡಗಿದೆ. "ನಿವೃತ್ತಿಧನವು ನಿನಗಿರಲಿ, ಮೈಸೂರಿನ ಸೈಟು ನನಗಿರಲಿ, ಎರಡಕ್ಕೂ ಬೆಲೆ ಒಂದೇ" ಎಂದು ಒಪ್ಪಿಕೊಳ್ಳುವವರು, ಆ ಖಾತೆಯ ಹಣವು ಇನ್ನೂ ತೆರಿಗೆ ತೆರದ ಹಣವೆಂಬದನ್ನು ಮರೆಯುತ್ತಾರೆ. ಖಾತೆಯ 100 ಡಾಲರು ಕೈಯ 100 ಡಾಲರು ಅಲ್ಲ.

ಈ ಆಜ್ಞೆಯ ಆಳಿಕೆಯು ಎಲ್ಲ ನಿಧಿಗಳಿಗೂ ಹಬ್ಬಿಲ್ಲವೆಂಬದನ್ನೂ ಸಂಕ್ಷೇಪವಾಗಿ ಹೇಳಬೇಕು. ಐ.ಆರ್.ಎ. ಖಾತೆಗೆ ಕ್ವಾಡ್ರೊ ಬೇಕಿಲ್ಲ. ವಿಚ್ಛೇದನದ ತೀರ್ಪಿಗನುಸಾರವಾದ ವರ್ಗಾವಣೆ ಸಾಕು. ಒಕ್ಕೂಟ ಸರಕಾರದ ನೌಕರರ ಪಿಂಚಣಿಗೆ ಬೇರೆಯೇ ನಿಯಮಾವಳಿಯಿದೆ. ಸೈನಿಕರ ಪಿಂಚಣಿಯನ್ನು ಪಾಲು ಮಾಡುವ ಅಧಿಕಾರವು ರಾಜ್ಯಗಳ ನ್ಯಾಯಾಲಯಗಳಿಗೆ ಇಲ್ಲವೆಂದು 1981ರಲ್ಲಿ ಅತ್ಯುಚ್ಚ ನ್ಯಾಯಾಲಯವು ಹೇಳಿದಾಗ, ಮರುವರ್ಷವೇ ಕಾಂಗ್ರೆಸ್ಸು ಕಾಯದೆ ಮಾಡಿ ಆ ಅಧಿಕಾರವನ್ನು ಕೊಟ್ಟಿತು. ಸೋಶಿಯಲ್ ಸೆಕ್ಯುರಿಟಿ ಎಂಬ ಸರಕಾರದ ವೃದ್ಧಾಪ್ಯ ವೇತನವನ್ನಂತೂ ಯಾವ ನ್ಯಾಯಾಲಯವೂ ಪಾಲು ಮಾಡಲಾರದು. ಆದರೆ ಮದುವೆಯು 10 ವರ್ಷ ಬಾಳಿದ್ದರೆ, ಉಳಿದ ನಿಬಂಧನೆಗಳಿಗೆ ಒಳಪಟ್ಟು, ಮಾಜಿ ಗಂಡನ ಲೆಕ್ಕದ ಮೇಲೆ ಹೆಂಡತಿಯೂ ಅರ್ಜಿ ಹಾಕಬಹುದು. ಒಂಬತ್ತೂವರೆ ವರ್ಷಕ್ಕೆ ಅವಸರದಿಂದ ಸಹಿ ಹಾಕುವ ನಮ್ಮ ಹೆಣ್ಣುಮಕ್ಕಳು ಈ ನಿಯಮವನ್ನು ತಿಳಿದಿರುವದು ಲೇಸು.

ಈಗ ನಮ್ಮ ನಾಡಿಗೆ ನೇರವಾಗಿ ಸಂಬಂಧಪಟ್ಟ ಪ್ರಶ್ನೆಗೆ ಬರೋಣ. ಅಮೇರಿಕದಲ್ಲಿ ದುಡಿದು, ಬೆಂಗಳೂರಿನಲ್ಲಿಯೋ ಹುಬ್ಬಳ್ಳಿಯಲ್ಲಿಯೋ ವಿಚ್ಛೇದನ ಪಡೆಯುವ ದಂಪತಿಗಳಿದ್ದಾರೆ. ಹಿಂದೂ ವಿವಾಹ ಕಾಯದೆಯ 13-ಬಿ ಕಲಮಿನ ಮೇರೆಗೆ ಪರಸ್ಪರ ಸಮ್ಮತಿಯ ಅರ್ಜಿ ಹಾಕಿ, "ಅಮೇರಿಕದ ಖಾತೆಯಲ್ಲಿ ಅರ್ಧ ಹೆಂಡತಿಗೆ" ಎಂದು ರಾಜಿಪತ್ರದಲ್ಲಿ ಬರೆದುಕೊಂಡು ಸಮಾಧಾನಪಟ್ಟರೆ ಅದು ಸಾಲದು. ಅರ್ಹ ಆಜ್ಞೆಯೆಂದರೆ ಅಲ್ಲಿಯ ರಾಜ್ಯವೊಂದರ ಕೌಟುಂಬಿಕ ಕಾಯದೆಗೆ ಅನುಸಾರವಾದ ಆಜ್ಞೆಯೆಂದು ಎರಿಸಾ ಕಾಯದೆಯು ವಿವರಿಸಿದೆ. ನಮ್ಮ ಕುಟುಂಬ ನ್ಯಾಯಾಲಯದ ಮುದ್ರೆಯು ಎಷ್ಟೇ ಗೌರವಾನ್ವಿತವಾದರೂ, ಅದೊಂದರ ಮೇಲೆಯೇ ಆ ನಿಧಿಯ ಬಾಗಿಲು ತೆರೆಯುವದಿಲ್ಲ. ಒಂದೋ ಅಲ್ಲಿಯ ಅಧಿಕಾರವುಳ್ಳ ನ್ಯಾಯಾಲಯದಿಂದ ಅರ್ಹ ಆಜ್ಞೆಯನ್ನು ಪಡೆಯಬೇಕು. ಇಲ್ಲವೆ ತೆರಿಗೆಯನ್ನು ಕಳೆದು ಬೆಲೆಕಟ್ಟಿ ಬೇರೆ ಆಸ್ತಿಯಿಂದ ಸರಿದೂಗಿಸಿಕೊಳ್ಳಬೇಕು. ರಾಜಿಪತ್ರ ಬರೆಯುವ ನಮ್ಮ ವಕೀಲ ಬಂಧುಗಳು ಈ ಎಚ್ಚರವನ್ನು ವಹಿಸದೆ ಇದ್ದರೆ, ಕಕ್ಷಿದಾರಳ ಕೈಯಲ್ಲಿ ಉಳಿಯುವದು ಸಹಿ ಮಾಡಿದ ಕಾಗದವೊಂದೇ.

ಪರದೇಶದ ಕಾಯದೆಯ ಗುಣದೋಷಗಳನ್ನು ಎಣಿಸುವಾಗ ನಮ್ಮ ಮನೆಯ ಕಡೆಗೂ ಕಣ್ಣು ಹಾಯಿಸುವದು ನ್ಯಾಯ. ಅಲ್ಲಿ ದಿಡ್ಡಿಯು ಇಕ್ಕಟ್ಟಾದದ್ದು. ಇಲ್ಲಿ ದಿಡ್ಡಿಯೇ ಇಲ್ಲ. ಪೋರ್ತುಗೀಜರ ಕಾಲದ ಸಿವಿಲ್ ಕಾಯದೆಯುಳ್ಳ ಗೋವೆಯನ್ನು ಬಿಟ್ಟರೆ, ವಿವಾಹಕಾಲದ ಗಳಿಕೆಯು ಇಬ್ಬರದೆಂಬ ತತ್ವವು ಭಾರತದಲ್ಲಿ ಸಾಮಾನ್ಯವಾಗಿ ಬೇರೂರಿಲ್ಲ. 1955ರ ಹಿಂದೂ ವಿವಾಹ ಕಾಯದೆಯ 25ನೆಯ ಕಲಮು ಶಾಶ್ವತ ಜೀವನಾಂಶವನ್ನು ಕೊಡಿಸುತ್ತದೆ; ಅದಕ್ಕೆ ಭದ್ರತೆಯಾಗಿ ಸ್ಥಿರಾಸ್ತಿಯ ಮೇಲೆ ಭಾರ ಹಾಕಬಹುದೆಂದೂ ಹೇಳುತ್ತದೆ. ಭವಿಷ್ಯನಿಧಿಯ ಹೆಸರು ಅದರಲ್ಲಿ ಇಲ್ಲ. ಜೀವನಾಂಶದ ಡಿಕ್ರಿಗಾಗಿ ಸಂಬಳದ ಒಂದು ಭಾಗವನ್ನು ಜಪ್ತಿ ಮಾಡಲು ಸಿವಿಲ್ ಪ್ರಕ್ರಿಯಾ ಸಂಹಿತೆಯು ಎಡೆ ಕೊಡುತ್ತದೆ. ಆದರೆ 1952ರ ಭವಿಷ್ಯನಿಧಿ ಕಾಯದೆಯು ತನ್ನ 10ನೆಯ ಕಲಮಿನಲ್ಲಿ, ನಿಧಿಯಲ್ಲಿದ್ದ ಹಣವನ್ನು ಸದಸ್ಯನ ಋಣಕ್ಕಾಗಿ ಯಾವ ನ್ಯಾಯಾಲಯವೂ ಜಪ್ತಿ ಮಾಡಕೂಡದೆಂದು ವಿಧಿಸಿತು. 1974ರಲ್ಲಿ ಅಮೇರಿಕವು ಹಾಕಿದ ಬೇಲಿಯನ್ನೇ ನಾವು ಅದಕ್ಕಿಂತ 22 ವರ್ಷ ಮೊದಲು ಹಾಕಿದ್ದೆವು. ಆದರೆ 1984ರಲ್ಲಿ ಅವರು ಇಟ್ಟ ದಿಡ್ಡಿಯನ್ನು ನಾವು ಇಡಲಿಲ್ಲ. ವಿಚ್ಛೇದಿತ ಹೆಂಡತಿಗೆ ಗಂಡನ ಸ್ಥಿರಾಸ್ತಿಯಲ್ಲಿ ಪಾಲು ಕೊಡಿಸುವ ವಿವಾಹ ಕಾಯದೆಗಳ ತಿದ್ದುಪಡಿ ಮಸೂದೆಯು 2013ರಲ್ಲಿ ರಾಜ್ಯಸಭೆಯನ್ನು ದಾಟಿತಾದರೂ, ಲೋಕಸಭೆಯ ಅವಧಿ ಮುಗಿದೊಡನೆ ಅಲ್ಲಿಯೇ ಬಿದ್ದುಹೋಯಿತು. 2020ರಲ್ಲಿ ರಜನೇಶ್ ವಿರುದ್ಧ ನೇಹಾ ಮೊಕದ್ದಮೆಯಲ್ಲಿ ಸುಪ್ರೀಮ್ ಕೋರ್ಟು, ಜೀವನಾಂಶದ ವ್ಯಾಜ್ಯಗಳಲ್ಲಿ ಇಬ್ಬರೂ ತಮ್ಮ ಆಸ್ತಿ ಮತ್ತು ಹೊಣೆಗಳ ಪ್ರಮಾಣಪತ್ರವನ್ನು ಸಲ್ಲಿಸಬೇಕೆಂದು ವಿಧಿಸಿದ್ದು ಒಂದು ಒಳ್ಳೆಯ ಹೆಜ್ಜೆ. ಆಸ್ತಿ ಎಷ್ಟಿದೆಯೆಂದು ಅದರಿಂದ ಗೊತ್ತಾಗುವದು. ಗೊತ್ತಾದದ್ದು ಕೈಸೇರುವ ಹಾದಿ ಇನ್ನೂ ಬಾಕಿಯಿದೆ.

ಅಮೇರಿಕದ ಪದ್ಧತಿಯು ಅತಿ ಕಠಿಣವೆಂದು ಹೇಳುವವರು ಅಲ್ಲಿಯೇ ಇದ್ದಾರೆ. ಕೆನಡಿ ಮೊಕದ್ದಮೆಯಂಥದರಲ್ಲಿ ತೀರ್ಪಿನ ಮಾತು ಒಂದಾಗಿ ಕಾಗದದ ಮಾತು ಇನ್ನೊಂದಾದಾಗ ಕಾಗದವೇ ಗೆಲ್ಲುವದು ಅನ್ಯಾಯವಲ್ಲವೇ ಎಂದು ಅವರು ಕೇಳುತ್ತಾರೆ. ಅವರ ಮಾತಿನಲ್ಲಿ ಹುರುಳಿದೆ. ಆದರೂ ಕೋಟ್ಯಂತರ ಜನರ ಹಣವನ್ನು ಕಾಯುವ ವ್ಯವಸ್ಥಾಪಕರು ಒಬ್ಬೊಬ್ಬರ ಸಂಸಾರದ ವ್ಯಾಜ್ಯದಲ್ಲಿ ತಾವೇ ನ್ಯಾಯಾಧೀಶರಾಗಿ ಕುಳಿತರೆ ನಿಧಿಯು ಉಳಿಯದೆಂಬ ಮಾತಿನಲ್ಲಿಯೂ ಸತ್ಯವಿದೆ. ನಿಯಮವು ಕಠಿಣವಾದದ್ದೇ ದೋಷವಲ್ಲ. ಆ ಕಠಿಣ ನಿಯಮದ ಅರಿವೂ, ಅದನ್ನು ಬಲ್ಲ ವಕೀಲರಿಗೆ ಕೊಡುವ ಹಣವೂ ಬಲ್ಲಿದರಿಗೆ ಮಾತ್ರ ಎಟಕುವದೇ ನಿಜವಾದ ದೋಷವು. 50 ವರ್ಷ ಮೀರಿದವರಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಜನ ವಿಚ್ಛೇದನವನ್ನು ಕಂಡಿದ್ದರೂ ಈ ಆಜ್ಞೆಯನ್ನು ಪಡೆಯುವವರು ಕೆಲವರೇ ಎಂದು ಅಲ್ಲಿಯ ಸರಕಾರದ ಲೆಕ್ಕಪರಿಶೋಧನೆಯ ಕಚೇರಿಯು 2020ರಲ್ಲಿ ವರದಿ ಮಾಡಿತು. ಹಕ್ಕು ಎಲ್ಲರಿಗೂ, ಫಲ ಕೆಲವರಿಗೆ ಎಂಬ ಈ ಸ್ಥಿತಿಯನ್ನು ಯಾವ ಪ್ರಜಾರಾಜ್ಯವೂ ಹೆಮ್ಮೆಯಿಂದ ಹೇಳಿಕೊಳ್ಳಲಾರದು.

ಆದುದರಿಂದ ನಮ್ಮ ಸೂಚನೆಗಳು ಮೂರು. ಒಂದು, ಹೊರನಾಡಿನ ಕನ್ನಡ ಸಂಘಗಳು ಹಬ್ಬ ಹರಿದಿನಗಳ ಜೊತೆಗೆ ಕುಟುಂಬ ಕಾಯದೆಯ ತಿಳಿವಳಿಕೆಯನ್ನೂ ತಮ್ಮ ಕಾರ್ಯಕ್ರಮದಲ್ಲಿ ಸೇರಿಸಿಕೊಳ್ಳಬೇಕು. ಗಂಡನ ಖಾತೆಗಳು ಎಷ್ಟು, ಎಲ್ಲಿ, ಅವುಗಳಲ್ಲಿ ಯಾರ ಹೆಸರಿದೆ ಎಂಬದು ಸುಖದ ದಿನಗಳಲ್ಲಿಯೇ ಹೆಂಡತಿಗೂ ಗೊತ್ತಿರಬೇಕು. ಗಂಡನು ಅದನ್ನು ಅವಿಶ್ವಾಸವೆಂದು ತಿಳಿಯಬಾರದು. ಎರಡು, ಇಲ್ಲಿಯ ವಕೀಲರ ಸಂಘಗಳು ಪರದೇಶದ ನಿವೃತ್ತಿಧನವು ಸೇರಿದ ರಾಜಿಪತ್ರಗಳನ್ನು ಬರೆಯುವ ಕ್ರಮವನ್ನು ತಮ್ಮ ಕಿರಿಯರಿಗೆ ಕಲಿಸಬೇಕು. ಮೂರು, ಭವಿಷ್ಯನಿಧಿಯ ಮೇಲೆ ಕುಟುಂಬ ನ್ಯಾಯಾಲಯದ ಆಜ್ಞೆಯು ನಡೆಯುವಂಥ ಸ್ಪಷ್ಟವಾದ ವಿಧಿಯನ್ನು ಪಾರ್ಲಿಮೆಂಟು ಮಾಡಬೇಕು. ಮಾಡುವಾಗ ಅಮೇರಿಕದ ಅನುಭವದಿಂದ ಪಾಠ ಕಲಿತು, ಬಡವರೂ ತುಂಬಬಲ್ಲ ಒಂದು ಸರಳವಾದ ನಮೂನೆಯನ್ನು ಕನ್ನಡದಂಥ ದೇಶಭಾಷೆಗಳಲ್ಲಿಯೇ ಕೊಡಬೇಕು. ಲೆಕ್ಕದ ದಿನ, ಲಾಭನಷ್ಟ, ಸಾಲ, ಮರಣ ಎಂಬ ನಾಲ್ಕು ಮಾತುಗಳಿಗೆ ಅದರಲ್ಲಿಯೇ ಸ್ಥಳವಿರಬೇಕು.

ಸಂಸಾರವು ಮುರಿಯುವದನ್ನು ಕಾಯದೆಯು ತಡೆಯಲಾರದು. ಮುರಿದ ಮೇಲೆ ಇಬ್ಬರ ದುಡಿಮೆಯ ಫಲವು ಒಬ್ಬರ ಗಂಟಾಗದಂತೆ ನೋಡುವದು ಕಾಯದೆಯ ಕರ್ತವ್ಯ. ಆ ಕರ್ತವ್ಯವನ್ನು ತಪ್ಪಿಲ್ಲದ ಮಾತುಗಳಲ್ಲಿ ಬರೆದಿಡುವದು ವಕೀಲರ ಕರ್ತವ್ಯ. ಸಹಿ ಹಾಕುವ ಮೊದಲು ಪ್ರತಿಯೊಂದು ಸಾಲನ್ನೂ ಓದಿ, ತಿಳಿಯದ್ದನ್ನು ಕೇಳುವದು ಕಕ್ಷಿದಾರರ ಕರ್ತವ್ಯ. ಈ ಮೂವರಲ್ಲಿ ಒಬ್ಬರು ಮೈಮರೆತರೂ, ಅದರ ಫಲವನ್ನು ಎಪ್ಪತ್ತರ ವಯಸ್ಸಿನಲ್ಲಿ ಒಂಟಿಯಾಗಿ ಕುಳಿತ ಒಬ್ಬ ಹೆಣ್ಣುಮಗಳು ಉಣ್ಣಬೇಕಾಗುವದು.